ಪಟ್ಟಿಯಲ್ಲಿ ಇಲ್ಲದವರ ಹಾಡು

2025ರ ಮಾರ್ಚಿನಲ್ಲಿ ಹ್ಯೂಸ್ಟನ್ನಿನ ಮಗಳ ಮನೆಯಲ್ಲಿದ್ದಾಗ ಅವಳು ನನ್ನನ್ನು ರೋಡಿಯೊ ನೋಡಲು ಕರೆದುಕೊಂಡು ಹೋದಳು. ದೊಡ್ಡ ಸ್ಟೇಡಿಯಂ, ನಡುವೆ ಮಣ್ಣು ಹಾಸಿದ ಅಂಕಣ. ಕಂಬಿಯ ಬಾಗಿಲು ಸರಿದದ್ದೇ ತಡ, ಹೋರಿ ಹೊರಗೆ ನುಗ್ಗಿತು. ಬೆನ್ನ ಮೇಲಿನ ಹುಡುಗ ಒಂದೇ ಕೈಯಲ್ಲಿ ಹಗ್ಗ ಹಿಡಿದು ಎಂಟು ಸೆಕೆಂಡು ಬೀಳದೆ ಕೂತರೆ ಅವನಿಗೆ ಅಂಕ. ಸುತ್ತಲಿನ ಸಾವಿರಾರು ಜನ ಅವನನ್ನೇ ನೋಡುತ್ತಿದ್ದರು. ನಾನು ಹೋರಿಯನ್ನು ನೋಡುತ್ತಿದ್ದೆ. ಹೆಗಲ ಮೇಲೆ ಎದ್ದು ನಿಂತ ಡುಬ್ಬ, ಕತ್ತಿನ ಕೆಳಗೆ ತೂಗಾಡುವ ಗಂಗೆದೊಗಲು. ಮಗಳು ನನ್ನ ಕಡೆ ವಾಲಿ, “ಅಪ್ಪಾ, ಇದು ನಮ್ಮ ಕಡೆ ಹೋರಿ ಇದ್ದಂಗ ಐತಲ್ಲ?” ಅಂದಳು.

ಇದ್ದಂಗ ಅಲ್ಲ, ಆ ತಳಿಯಲ್ಲಿ ನಮ್ಮ ಕಡೆಯ ರಕ್ತವೇ ಇದೆ. ರೋಡಿಯೊ ಹೋರಿಗಳಲ್ಲಿ ಬಹುಪಾಲು ಅಮೆರಿಕನ್ ಬ್ರಾಹ್ಮನ್ ತಳಿಯ ಮಿಶ್ರಣ. ಟೆಕ್ಸಸ್ಸಿನ ಬಿಸಿಲು, ರಕ್ತ ಹೀರುವ ಉಣ್ಣೆಹುಳ, ರೋಗ ಯುರೋಪಿನ ದನಗಳಿಗೆ ಒಗ್ಗಲಿಲ್ಲವೆಂದು 19ನೇ ಶತಮಾನದಿಂದ 1920ರ ದಶಕದವರೆಗೆ ಭಾರತದ ಡುಬ್ಬದ ದನಗಳನ್ನು ಅಲ್ಲಿಗೆ ತರಿಸಿಕೊಂಡು ಈ ತಳಿ ಕಟ್ಟಿದರು. ಗುಜರಾತಿನ ಗಿರ್ ಮತ್ತು ಕಾಂಕ್ರೇಜ್, ಆಂಧ್ರದ ನೆಲ್ಲೂರು, ಜೊತೆಗೆ ನಮ್ಮ ಕೃಷ್ಣಾ ತೀರದ ಕೃಷ್ಣಾ ವ್ಯಾಲಿ. ಎರೆ ಹೊಲದ ಜಿಗುಟು ಮಣ್ಣಿನಲ್ಲಿ ನೇಗಿಲು ಎಳೆಯಲೆಂದು ಬೆಳೆಸಿದ ಎತ್ತು ಅದು. ನಾನು ಚಿಕ್ಕವನಿದ್ದಾಗ ನಮ್ಮೂರ ಸಂತೆಯಲ್ಲಿ ಅವುಗಳ ಸಾಲು ನೋಡಿದ್ದೇನೆ. ಈಗ ಊರಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. 1924ರಲ್ಲಿ ಅಮೆರಿಕದ ಸಾಕಣೆದಾರರು ಸಂಘ ಕಟ್ಟಿ ತಳಿಯನ್ನು ದಾಖಲಿಸತೊಡಗಿದರು. ಆ ತಳಿಯ ಚರಿತ್ರೆ ಹೇಳುವಾಗ ಕೃಷ್ಣೆಯ ಹೆಸರು ಇವತ್ತಿಗೂ ಬರುತ್ತದೆ.

ದನಕ್ಕೆ ಸಿಕ್ಕ ಈ ಮರ್ಯಾದೆ ಅಮೆರಿಕದ ನೆಲದ ದನಗಾಹಿಗಳಿಗೂ ಹಾಡುಗಾರರಿಗೂ ಸಿಕ್ಕಿತೇ ಎಂಬ ಪ್ರಶ್ನೆ ಆ ರಾತ್ರಿಯಿಂದ ನನ್ನನ್ನು ಬಿಟ್ಟಿಲ್ಲ. ಅದಕ್ಕೆ ಕಾರಣ ಆಗಷ್ಟೇ ನಡೆದಿದ್ದ ಒಂದು ಸುದ್ದಿ. ಅದೇ ವರ್ಷ ಫೆಬ್ರವರಿ 2ರಂದು ಲಾಸ್ ಏಂಜಲೀಸ್‌ನ ಗ್ರ್ಯಾಮಿ ಸಮಾರಂಭದಲ್ಲಿ ಹ್ಯೂಸ್ಟನ್ನಿನಲ್ಲೇ ಹುಟ್ಟಿ ಬೆಳೆದ ಗಾಯಕಿ ಬಿಯಾನ್ಸೆಗೆ ‘ಕೌಬಾಯ್ ಕಾರ್ಟರ್’ ಆಲ್ಬಮ್‌ಗಾಗಿ ಅತ್ಯುತ್ತಮ ಕಂಟ್ರಿ ಆಲ್ಬಮ್ ಪ್ರಶಸ್ತಿ ಬಂತು. ಆ ಪ್ರಶಸ್ತಿ ಕಪ್ಪು ಕಲಾವಿದರೊಬ್ಬರಿಗೆ ಬಂದದ್ದು ಅದೇ ಮೊದಲು. ವೇದಿಕೆಯ ಮೇಲೆ ಆಕೆ ಹೇಳಿದ್ದು ಇಷ್ಟು: ಸಂಗೀತದ ಪ್ರಕಾರ ಎನ್ನುವುದು ಕೆಲವೊಮ್ಮೆ ಕಲಾವಿದರನ್ನು ಅವರವರ ಜಾಗದಲ್ಲೇ ಕೂರಿಸಿಡುವ ಗುಪ್ತ ಮಾತು. ಪ್ರಕಟವಾದ ದಿನದಿಂದ ಆ ಆಲ್ಬಮ್ಮನ್ನು ಬೆನ್ನು ಹತ್ತಿದ್ದ ಪ್ರಶ್ನೆ ಒಂದೇ. ಇದು ನಿಜವಾಗಿ ಕಂಟ್ರಿ ಸಂಗೀತವೇ?

ಈ ಪ್ರಶ್ನೆಯನ್ನು ಬಿಡಿಸಬೇಕಾದರೆ ಮೊದಲು ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತ, ಏನೆಂದು ನೋಡಬೇಕು. ನಮ್ಮಲ್ಲಿ ಬಹಳ ಜನಕ್ಕೆ ಅದು ಟೋಪಿ, ಬೂಟು, ಗಿಟಾರು ಹಿಡಿದ ಬಿಳಿಯ ಗಂಡಸು. ಅಮೆರಿಕದಲ್ಲೂ ಬಹಳ ಜನಕ್ಕೆ ಅಷ್ಟೇ. ಕಣ್ಣು ಮುಚ್ಚಿ ಕೇಳಿದರೆ ಬೇರೆ ಕತೆ ಕೇಳಿಸುತ್ತದೆ.

ಬ್ಯಾಂಜೊ ತೆಗೆದುಕೊಳ್ಳಿ. ಕಂಟ್ರಿಯ ಗುರುತೇ ಆಗಿಹೋದ ವಾದ್ಯ. ಅದರ ಬೇರು ಪಶ್ಚಿಮ ಆಫ್ರಿಕದಲ್ಲಿದೆ. ಸೆನೆಗಲ್, ಗ್ಯಾಂಬಿಯಾ ಕಡೆಯ ಅಕೊಂಟಿಂಗ್ ಎಂಬ ವಾದ್ಯವನ್ನು ನೋಡಿದರೆ ನಮ್ಮ ಏಕತಾರಿಯ ಅಣ್ಣನಂತಿದೆ. ಒಣಗಿದ ಸೋರೆಬುರುಡೆ, ಅದರ ಬಾಯಿಗೆ ಬಿಗಿದ ಚರ್ಮ, ಉದ್ದನೆಯ ಕೋಲು, ತಂತಿಗಳು. ಹಡಗಿನಲ್ಲಿ ಸರಪಳಿ ಹಾಕಿಸಿಕೊಂಡು ಬಂದವರು ವಾದ್ಯವನ್ನು ತರಲಾಗಲಿಲ್ಲ. ಮಾಡುವ ವಿದ್ಯೆಯನ್ನು ತಲೆಯಲ್ಲಿ ತಂದರು. ಕೆರಿಬಿಯನ್ ದ್ವೀಪಗಳಲ್ಲಿ, ಆಮೇಲೆ ವರ್ಜೀನಿಯಾದ ತೋಟಗಳಲ್ಲಿ ಸಿಕ್ಕ ಬುರುಡೆಗೆ ಸಿಕ್ಕ ಚರ್ಮ ಬಿಗಿದು ಮತ್ತೆ ಮಾಡಿಕೊಂಡರು. ಬ್ಯಾಂಜೊದಲ್ಲಿ ಉಳಿದವುಗಳಿಗಿಂತ ಗಿಡ್ಡವಾದ ಒಂದು ತಂತಿ ಇದೆ. ಅದನ್ನು ಹೆಬ್ಬೆರಳಿನಿಂದ ಮೀಟುತ್ತಾರೆ, ಯಾವ ಮೆಟ್ಟಿಲಲ್ಲೂ ಒತ್ತುವುದಿಲ್ಲ. ತಂಬೂರಿಯ ಶ್ರುತಿಯಂತೆ ಅದು ಒಂದೇ ಸ್ವರವನ್ನು ನಡುನಡುವೆ ಹೇಳುತ್ತಲೇ ಇರುತ್ತದೆ. ಆ ಗಿಡ್ಡ ತಂತಿ ಅಕೊಂಟಿಂಗ್‌ನಲ್ಲೂ ಇದೆ. ಶ್ರುತಿಗೆ ಒಗ್ಗಿದ ನಮ್ಮ ಕಿವಿಗೆ ಬ್ಯಾಂಜೊ ಬೇಗ ಹತ್ತಿರವಾಗುವುದು ಅದರಿಂದಲೇ ಇರಬೇಕು ಎಂದು ನನಗನ್ನಿಸುತ್ತದೆ.

ಪಿಟೀಲು ಸ್ಕಾಟ್ಲೆಂಡ್, ಐರ್ಲೆಂಡುಗಳಿಂದ ಬಂದ ಬಡವರ ಜೊತೆ ಬಂತು. ಗಂಟಲು ಒಡೆದು ಮೇಲಕ್ಕೆ ಹಾರಿಸುವ ಯೋಡಲ್ ಆಲ್ಪ್ಸ್ ಬೆಟ್ಟಗಳ ಕಡೆಯದು. ಎಲ್ಲಕ್ಕಿಂತ ಸೋಜಿಗದ ಕತೆ ಸ್ಟೀಲ್ ಗಿಟಾರಿನದು. ಕಂಟ್ರಿ ಹಾಡಿನಲ್ಲಿ ಅಳುವಂತೆ ಎಳೆದೆಳೆದು ಬರುವ ಆ ದನಿ ಹವಾಯಿ ದ್ವೀಪಗಳಿಂದ ಬಂದದ್ದು. ಹವಾಯಿಯಲ್ಲಿ ದನಗಳು ಹೆಚ್ಚಿ ಕಾಡುಬಿದ್ದಾಗ, 1830ರ ದಶಕದಲ್ಲಿ ಅಲ್ಲಿನ ದೊರೆ ದನ ಹಿಡಿಯುವ ವಿದ್ಯೆ ಕಲಿಸಲು ಕ್ಯಾಲಿಫೋರ್ನಿಯಾ ಕಡೆಯಿಂದ ಮೆಕ್ಸಿಕನ್ ದನಗಾಹಿಗಳನ್ನು ಕರೆಸಿದ. ಅವರ ಜೊತೆ ಗಿಟಾರು ಹೋಯಿತು. ಅವರಾಡುತ್ತಿದ್ದ ‘ಎಸ್ಪಾನ್ಯೋಲ್’ ಭಾಷೆಯ ಹೆಸರೇ ಹವಾಯಿಯ ನಾಲಗೆಯಲ್ಲಿ ‘ಪಾನಿಯೊಲೊ’ ಆಗಿ ದನಗಾಹಿ ಎಂಬ ಅರ್ಥ ಪಡೆಯಿತು. ಆ ಶತಮಾನದ ಕೊನೆಗೆ ಜೋಸೆಫ್ ಕೆಕುಕು ಎಂಬ ಹವಾಯಿಯ ಹುಡುಗ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುವ ಬಗೆಯನ್ನು ಬೆಳೆಸಿದ. 1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದಲ್ಲಿ ಅಮೆರಿಕ ಆ ದನಿಗೆ ಮರುಳಾಯಿತು, ಅಲ್ಲಿಂದ ಅದು ಕಂಟ್ರಿಯೊಳಕ್ಕೆ ಇಳಿಯಿತು. ದನಗಾಹಿಗಳೇ ಕಡಲಾಚೆ ಒಯ್ದ ಗಿಟಾರು ಹೊಸ ದನಿ ಹೊತ್ತು ದನಗಾಹಿಯ ಹಾಡಿಗೇ ಮರಳಿ ಬಂತು. ಅದೇ ಅಲೆ ನಮ್ಮಲ್ಲಿಗೂ ತಲುಪಿತು. ಹವಾಯಿ ಸಂಗೀತದ ಟೌ ಮೋ 1940ರ ದಶಕದಲ್ಲಿ ಕಲ್ಕತ್ತಾದಲ್ಲಿ ನೆಲೆಸಿ ಆ ಗಿಟಾರು ನುಡಿಸುತ್ತಿದ್ದರು. ಹಿಂದೂಸ್ತಾನಿಯ ಸ್ಲೈಡ್ ಗಿಟಾರ್ ಪರಂಪರೆ ಆ ಅಲೆಯಿಂದ ಬೆಳೆದು ವಿಶ್ವಮೋಹನ ಭಟ್ಟರ 1994ರ ಗ್ರ್ಯಾಮಿಯವರೆಗೆ ಬಂದಿದೆ.

ಹೀಗೆ ಎಲ್ಲರೂ ಸೇರಿ ಕಟ್ಟಿದ ಸಂಗೀತ ಬಿಳಿಯರದ್ದು ಮಾತ್ರ ಎಂದು ಆದದ್ದು ಯಾವಾಗ? ಬಹುಮಟ್ಟಿಗೆ 1920ರ ದಶಕದಲ್ಲಿ, ರೆಕಾರ್ಡ್ ಕಂಪನಿಗಳ ಮಾರಾಟದ ಪಟ್ಟಿಯಲ್ಲಿ. ಕಪ್ಪು ಗ್ರಾಹಕರಿಗೆ ಕಪ್ಪು ಕಲಾವಿದರ ರೆಕಾರ್ಡುಗಳು, ಅವಕ್ಕೆ ‘ರೇಸ್ ರೆಕಾರ್ಡ್ಸ್’ ಎಂಬ ಹೆಸರು. ದಕ್ಷಿಣದ ಬಿಳಿ ಗ್ರಾಹಕರಿಗೆ ಬಿಳಿ ಕಲಾವಿದರ ರೆಕಾರ್ಡುಗಳು, ಅವಕ್ಕೆ ‘ಹಳೆಯ ಕಾಲದ ರಾಗಗಳು’, ಆಮೇಲೆ ‘ಹಿಲ್‌ಬಿಲ್ಲಿ’ ಎಂಬ ಹೆಸರು. ಕೊಲಂಬಿಯಾ ಕಂಪನಿಯಲ್ಲಿ ಕಪ್ಪು ಕಲಾವಿದರದು 14000ದ ಸರಣಿ, ಬಿಳಿಯರದು 15000ದ ಸರಣಿ. ಹಳ್ಳಿಯಲ್ಲಿ ಒಂದೇ ಕುಣಿತಕ್ಕೆ ಒಂದೇ ರಾಗ ನುಡಿಸುತ್ತಿದ್ದವರು ಕ್ಯಾಟಲಾಗಿನಲ್ಲಿ ಬೇರೆ ಬೇರೆ ಲೋಕದವರಾದರು. ಕಪ್ಪು ಪಿಟೀಲುಗಾರ ಬಂದರೆ, ನಿನ್ನಿಂದ ನಮಗೆ ಬೇಕಾದದ್ದು ಕಪ್ಪು ಜನರ ನೋವಿನ ಹಾಡಾದ ಬ್ಲೂಸ್, ಪಿಟೀಲಿನ ಕುಣಿತದ ರಾಗವಲ್ಲ ಎನ್ನುವುದೇ ವ್ಯಾಪಾರದ ನಡೆಯಾಯಿತು. ಹಾಗೆ ಧ್ವನಿಮುದ್ರಣವೇ ಆಗದೆ ಹೋದ ಕಪ್ಪು ಪಿಟೀಲುಗಾರರು, ಬ್ಯಾಂಜೊಗಾರರು ತುಂಬ ಜನ. ಐವತ್ತು ವರ್ಷ ಕಳೆದ ಮೇಲೆ ಹಳೆಯ ರೆಕಾರ್ಡು ಹುಡುಕಿದವರಿಗೆ ಅವರು ಸಿಗಲಿಲ್ಲ. ಸಿಗದಿದ್ದರಿಂದ ಇರಲೇ ಇಲ್ಲ ಎಂದಾಯಿತು.

1927ರ ಜುಲೈ ಕೊನೆಯಲ್ಲಿ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಎಂಬಾತ ಟೆನೆಸಿ ಮತ್ತು ವರ್ಜೀನಿಯಾಗಳ ಗಡಿಯ ಮೇಲೇ ಕೂತಿರುವ ಬ್ರಿಸ್ಟಲ್ ಊರಿಗೆ ಯಂತ್ರ ಹೊತ್ತು ಬಂದ. ಆ ಎರಡು ವಾರಗಳಲ್ಲಿ ಹಾಡಿದವರಲ್ಲಿ ಕಾರ್ಟರ್ ಕುಟುಂಬವೂ ಇತ್ತು, ರೈಲ್ವೆಯಲ್ಲಿ ಬ್ರೇಕ್‌ಮನ್ ಆಗಿದ್ದ ಜಿಮ್ಮಿ ರಾಜರ್ಸ್ ಕೂಡ ಇದ್ದ. ಕಂಟ್ರಿ ಸಂಗೀತ ಹುಟ್ಟಿದ್ದೇ ಅಲ್ಲಿ ಎನ್ನುವವರಿದ್ದಾರೆ. ಆ ಕಾರ್ಟರ್ ಕುಟುಂಬದ ಹಿರಿಯ ಎ. ಪಿ. ಕಾರ್ಟರ್ ಮುಂದೆ ಬೆಟ್ಟಗಳಲ್ಲಿ ಹಾಡು ಹುಡುಕುತ್ತ ಅಲೆದಾಗ ಜೊತೆಗಿದ್ದವನು ಲೆಸ್ಲಿ ರಿಡ್ಲ್ ಎಂಬ ಕಪ್ಪು ಗಿಟಾರುಗಾರ, ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದವನು. ಕಾರ್ಟರ್ ಸಾಹಿತ್ಯ ಬರೆದುಕೊಳ್ಳುತ್ತಿದ್ದ, ರಿಡ್ಲ್ ರಾಗವನ್ನು ನೆನಪಿನಲ್ಲಿಟ್ಟುಕೊಳ್ಳುತ್ತಿದ್ದ. ಮನೆಗೆ ಬಂದು ಆ ಕುಟುಂಬದ ಗಿಟಾರುಗಾರ್ತಿ ಮೇಬೆಲ್ ಕಾರ್ಟರ್‌ಗೆ ನುಡಿಸಿ ತೋರಿಸುತ್ತಿದ್ದ. ಹಾಡುಗಳ ಹಕ್ಕು ನೋಂದಣಿಯಾಗಿದ್ದು ಕಾರ್ಟರ್ ಹೆಸರಿನಲ್ಲಿ. ರಾಜರ್ಸ್ 1930ರಲ್ಲಿ ಮಾಡಿದ ಒಂದು ರೆಕಾರ್ಡಿನಲ್ಲಿ ಕಹಳೆ ಊದಿದ್ದು ಕಪ್ಪು ಜಾಜ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್, ಪಿಯಾನೊ ಆತನ ಹೆಂಡತಿ ಲಿಲ್ ಹಾರ್ಡಿನ್‌ದು. ರೆಕಾರ್ಡಿನ ಮೇಲೆ ಅವರ ಹೆಸರಿರಲಿಲ್ಲ. ಮುಂದೆ ಕಂಟ್ರಿಯ ದೊಡ್ಡ ಗಾಯಕನಾದ ಹ್ಯಾಂಕ್ ವಿಲಿಯಮ್ಸ್‌ಗೆ ಚಿಕ್ಕಂದಿನಲ್ಲಿ ಗಿಟಾರು ಕಲಿಸಿದವನು ಅಲಬಾಮದ ಬೀದಿಯಲ್ಲಿ ಹಾಡುತ್ತಿದ್ದ ರೂಫಸ್ ಪೇನ್ ಎಂಬ ಕಪ್ಪು ಮನುಷ್ಯ.

ನನ್ನನ್ನು ಹೆಚ್ಚು ಕಾಡುವವನು ಡಿಫೋರ್ಡ್ ಬೇಲಿ. ನ್ಯಾಶ್‌ವಿಲ್‌ನ ವಿಮಾ ಕಂಪನಿಯೊಂದು ತನ್ನ ರೇಡಿಯೊ ಕೇಂದ್ರದಲ್ಲಿ 1925ರಲ್ಲಿ ಶುರುಮಾಡಿದ ವಾರಾಂತ್ಯದ ಕಾರ್ಯಕ್ರಮವೇ ಇವತ್ತಿನ ಗ್ರ್ಯಾಂಡ್ ಓಲ್ ಓಪ್ರಿ, ಕಂಟ್ರಿ ಹಾಡುಗಾರರ ಪಾಲಿನ ದೊಡ್ಡ ಗುಡಿ. 1927ರಲ್ಲಿ ಅದಕ್ಕೆ ಆ ಹೆಸರು ಬಿದ್ದ ರಾತ್ರಿ ಹಾರ್ಮೋನಿಕಾದಲ್ಲಿ ರೈಲಿನ ಓಟವನ್ನು ಕೇಳಿಸಿದವನು ಬೇಲಿ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಹಾಸಿಗೆ ಹಿಡಿದಿದ್ದಾಗ ಕೈಗೆ ಸಿಕ್ಕ ವಾದ್ಯ ಅದು. ರೇಡಿಯೊದಲ್ಲಿ ಚರ್ಮದ ಬಣ್ಣ ಕಾಣುವುದಿಲ್ಲ, ಜನ ಅವನನ್ನು ಬಹಳ ಮೆಚ್ಚಿದರು. ಊರೂರು ತಿರುಗುವಾಗ ಜೊತೆಯವರು ತಂಗುವ ಹೋಟೆಲಿನಲ್ಲಿ ಅವನಿಗೆ ಜಾಗವಿರುತ್ತಿರಲಿಲ್ಲ. 1941ರಲ್ಲಿ ಅವನನ್ನು ಕೈಬಿಟ್ಟರು. ಆಮೇಲೆ ದಶಕಗಳ ಕಾಲ ಅವನು ಅದೇ ಊರಿನಲ್ಲಿ ಬೂಟು ಪಾಲಿಷ್ ಅಂಗಡಿ ನಡೆಸಿ ಬದುಕಿದ. ತೀರಿಕೊಂಡದ್ದು 1982ರಲ್ಲಿ, ಕಂಟ್ರಿ ಸಂಗೀತದ ಗೌರವ ಪಟ್ಟಿಗೆ ಹೆಸರು ಸೇರಿದ್ದು 2005ರಲ್ಲಿ.

ಇಷ್ಟರವರೆಗೆ ಎಲ್ಲೂ ಕೌಬಾಯ್ ಬರಲಿಲ್ಲ, ಗಮನಿಸಿ. ಬೆಟ್ಟದ ಒಕ್ಕಲಿಗರು, ರೈಲ್ವೆ ಕೂಲಿಗಳು, ಗಿರಣಿಯವರು ಬಂದರು. ಕೌಬಾಯ್ ಎಲ್ಲಿಂದ ಬಂದ ಎಂಬುದಕ್ಕೆ ಅಮೆರಿಕದ ‘ಫ್ರಾಂಟಿಯರ್’ ಕತೆಗೆ ಹೋಗಬೇಕು. ಗಡಿ ಅಂದರೆ ನಮಗೆ ಎರಡು ರಾಜ್ಯಗಳ ನಡುವಿನ ಗೆರೆ, ಬೆಳಗಾವಿಯ ಜಗಳ. ಫ್ರಾಂಟಿಯರ್ ಹಾಗಲ್ಲ. ಅದು ಪಶ್ಚಿಮಕ್ಕೆ ಸರಿಯುತ್ತಲೇ ಹೋದ ಅಂಚು, ವಲಸಿಗರ ವಸತಿ ಮುಗಿದು ‘ಖಾಲಿ’ ನೆಲ ಶುರುವಾಗುವ ಜಾಗ. ಜನಗಣತಿ ಇಲಾಖೆ ಅದನ್ನು ಅಂಕಿಯಲ್ಲೇ ಹೇಳುತ್ತಿತ್ತು. ಚದರ ಮೈಲಿಗೆ ಇಬ್ಬರಿಗಿಂತ ಕಡಿಮೆ ಜನರಿದ್ದರೆ ಅದು ವಸತಿಯಿಲ್ಲದ ನೆಲ.

ಆ ಇಬ್ಬರನ್ನು ಎಣಿಸುವಾಗ ಯಾರನ್ನು ಎಣಿಸಿದರು ಎಂಬಲ್ಲಿದೆ ಗಂಟು. ತೆರಿಗೆ ಕಟ್ಟದ ಮೂಲನಿವಾಸಿಗಳನ್ನು ಪ್ರಾತಿನಿಧ್ಯದ ಜನಸಂಖ್ಯೆಯ ಲೆಕ್ಕದಿಂದ ಅಮೆರಿಕದ ಸಂವಿಧಾನವೇ ಹೊರಗಿಟ್ಟಿತ್ತು. ಶತಮಾನಗಳಿಂದ ಬೇಟೆಯಾಡಿ, ಬೆಳೆ ಬೆಳೆದು, ಸತ್ತವರನ್ನು ಹೂತು ಬಾಳಿದ ನೆಲ ಕಾಗದದ ಮೇಲೆ ಖಾಲಿಯಾಗಿತ್ತು. ಕಾಗದದಂತೆಯೇ ನೆಲವನ್ನೂ ಖಾಲಿ ಮಾಡಿಸುವ ಕೆಲಸ ನಡೆಯಿತು. 1830ರ ಕಾನೂನಿನ ಬಲದಿಂದ 1838-39ರಲ್ಲಿ ಸುಮಾರು 16,000 ಚೆರೋಕಿ ಜನರನ್ನು ಆಗ್ನೇಯದ ಬೆಟ್ಟಗಳಿಂದ ಒಕ್ಕಲೆಬ್ಬಿಸಿ ಈಗಿನ ಒಕ್ಲಹೋಮಾಕ್ಕೆ ನಡೆಸಿದರು. ಸುಮಾರು 4,000 ಜನ ಸತ್ತರೆಂದು ಅಂದಾಜು. ಅವರು ಬಿಟ್ಟುಹೋದ ಅಪಲೇಚಿಯನ್ ಸೀಮೆಯೇ ಮುಂದೆ ಕಂಟ್ರಿ ಸಂಗೀತದ ತವರು ಎನಿಸಿಕೊಂಡ ಬೆಟ್ಟಸಾಲು. 1862ರ ಹೋಮ್‌ಸ್ಟೆಡ್ ಕಾಯ್ದೆ ಹೊಸಬರಿಗೆ ತಲಾ 160 ಎಕರೆ ಕೊಟ್ಟಿತು. ಕೋಟಿಗಟ್ಟಲೆ ಇದ್ದ ಕಾಡೆಮ್ಮೆಗಳು, ಅಂದರೆ ಬೈಸನ್‌ಗಳು, 1880ರ ದಶಕದ ಕೊನೆಗೆ ಸಾವಿರಕ್ಕೂ ಕೆಳಗಿಳಿದವು. ಅವನ್ನೇ ನಂಬಿದ್ದ ಬಯಲಿನ ಜನರ ಬದುಕು ಅದರೊಂದಿಗೆ ಮುರಿಯಿತು.

ಇದರ ನಡುವೆ ಬಂದುಹೋದವನು ಕೌಬಾಯ್. ಅವನ ಕಾಲ ಹೆಚ್ಚೆಂದರೆ 20 ವರ್ಷ. 1865ರಲ್ಲಿ ಅಂತರ್ಯುದ್ಧ ಮುಗಿದಾಗ ಟೆಕ್ಸಸ್ಸಿನಲ್ಲಿ ಉದ್ದ ಕೊಂಬಿನ ದನಗಳು ಲಕ್ಷಗಟ್ಟಲೆ ಇದ್ದವು, ಕೊಳ್ಳುವವರಿರಲಿಲ್ಲ. ಅಲ್ಲಿ ನಾಲ್ಕು ಡಾಲರಿಗೆ ಹೋಗುವ ಎತ್ತು ಉತ್ತರದ ಪೇಟೆಯಲ್ಲಿ ನಲವತ್ತಕ್ಕೆ ಹೋಗುತ್ತಿತ್ತು. ನಡುವೆ ಸಾವಿರ ಮೈಲಿ, ರೈಲಿಲ್ಲ. 1867ರಲ್ಲಿ ಜೋಸೆಫ್ ಮೆಕಾಯ್ ಎಂಬ ವ್ಯಾಪಾರಿ ಕ್ಯಾನ್ಸಸ್ಸಿನ ಆಬಿಲೀನ್ ಎಂಬ ರೈಲು ನಿಲ್ದಾಣದಲ್ಲಿ ದೊಡ್ಡಿ ಕಟ್ಟಿಸಿ, ದನ ಹೊಡೆದುಕೊಂಡು ಬನ್ನಿ, ನಾನು ಕೊಳ್ಳುತ್ತೇನೆ ಎಂದ. ಎರಡು ಮೂರು ಸಾವಿರ ದನ, ಹತ್ತು ಹನ್ನೆರಡು ಜನ, ದಿನಕ್ಕೆ ಹತ್ತು ಹದಿನೈದು ಮೈಲಿ, ಎರಡು ಮೂರು ತಿಂಗಳ ನಡಿಗೆ. ತಿಂಗಳಿಗೆ ಮೂವತ್ತು ನಲವತ್ತು ಡಾಲರ್ ಸಂಬಳದ ಕೂಲಿ ಕೆಲಸ ಅದು. ರಾತ್ರಿ ಪಾಳಿಯವರು ಮಲಗಿದ ಮಂದೆಯ ಸುತ್ತ ಕುದುರೆಯಲ್ಲಿ ಸುತ್ತುತ್ತ ನಿಧಾನವಾಗಿ ಹಾಡುತ್ತಿದ್ದರು. ಮನುಷ್ಯನ ದನಿ ಕೇಳುತ್ತಿದ್ದರೆ ದನ ಬೆದರುವುದಿಲ್ಲ. ಒಂದು ಕಡ್ಡಿ ಮುರಿದ ಸದ್ದಿಗೆ ಇಡೀ ಮಂದೆ ಕಿತ್ತು ಓಡಿದರೆ ಜೀವ ಉಳಿಯುವುದು ಕಷ್ಟ. ಅಡವಿಯಲ್ಲಿ ಕುರಿ ತರುಬಿ ರಾತ್ರಿ ಕಾಯುವ ನಮ್ಮ ಕುರಿಗಾಹಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕೆಲಸದ ಪ್ರತಿ ಮಾತಿನಲ್ಲೂ ಮೆಕ್ಸಿಕೊದ ಮುದ್ರೆ ಇದೆ. ಸ್ಪ್ಯಾನಿಷ್‌ನಲ್ಲಿ ವಾಕಾ ಅಂದರೆ ಹಸು, ವಕೇರೊ ಅಂದರೆ ದನಗಾಹಿ. ರ್‍ಯಾಂಚ್, ಲ್ಯಾಸೊ, ರೋಡಿಯೊ ಎಲ್ಲವೂ ಆ ವಕೇರೊಗಳ ಮಾತು. ವಕೇರೊ ಎಂಬುದೇ ಇಂಗ್ಲಿಷರ ಬಾಯಲ್ಲಿ ‘ಬಕರೂ’ ಆಯಿತು. ಇನ್ನು ದನ ಹೊಡೆಯುವವರಲ್ಲಿ ನಾಲ್ವರಲ್ಲಿ ಒಬ್ಬ ಕಪ್ಪು ಮನುಷ್ಯ ಎಂದು ಇತಿಹಾಸಕಾರರ ಅಂದಾಜು. ಟೆಕ್ಸಸ್ಸಿನ ಒಡೆಯರು ಯುದ್ಧಕ್ಕೆ ಹೋದಾಗ ದನ ನೋಡಿಕೊಂಡವರೇ ಗುಲಾಮರು. ಬಿಡುಗಡೆಯಾದ ಮೇಲೆ ಅದೇ ಕೆಲಸಕ್ಕೆ ಕೂಲಿ ಸಿಗತೊಡಗಿತು. ಓಡುವ ಹೋರಿಯ ಮೇಲೆ ಕುದುರೆಯಿಂದ ನೆಗೆದು ಕೊಂಬು ತಿರುಚಿ ಕೆಡಹುವ ಪಂದ್ಯವನ್ನು ರೋಡಿಯೊಗೆ ತಂದವನು ಬಿಲ್ ಪಿಕೆಟ್ ಎಂಬ ಕಪ್ಪು ದನಗಾಹಿ. ಆ ಸಂಜೆ ಹ್ಯೂಸ್ಟನ್ನಿನಲ್ಲಿ ಆ ಪಂದ್ಯ ನಡೆದಾಗ ನಾನು ಅವನನ್ನು ನೆನೆದೆ.

ಮುಳ್ಳುತಂತಿ ಈ ಕಾಲವನ್ನು ಮುಗಿಸಿತು. 1874ರಲ್ಲಿ ಇಲಿನಾಯ್ಸ್‌ನ ರೈತ ಜೋಸೆಫ್ ಗ್ಲಿಡೆನ್ ಅದಕ್ಕೆ ಪೇಟೆಂಟ್ ಪಡೆದ. ಮರವಿಲ್ಲದ ಬಯಲಿಗೆ ಅಗ್ಗದ ಬೇಲಿ ಬಂತು, ದನ ನಡೆಯುವ ದಾರಿ ಮುಚ್ಚಿತು. ಉಳಿದದ್ದನ್ನು 1886-87ರ ಭೀಕರ ಚಳಿಗಾಲ ಕೊಂದಿತು.

ಕೌಬಾಯ್ ಇಲ್ಲವಾಗುತ್ತಿದ್ದಂತೆ ಅವನ ನಾಟಕ ಶುರುವಾಯಿತು. ಬಫೆಲೊ ಬಿಲ್ ಕೋಡಿ 1883ರಿಂದ ‘ವೈಲ್ಡ್ ವೆಸ್ಟ್’ ಪ್ರದರ್ಶನ ನಡೆಸುತ್ತಿದ್ದ. 1890ರ ಡಿಸೆಂಬರ್ 29ರಂದು ದಕ್ಷಿಣ ಡಕೋಟಾದ ವೂಂಡೆಡ್ ನೀ ಹಳ್ಳದ ಬಳಿ ಸೈನ್ಯ 250ಕ್ಕೂ ಹೆಚ್ಚು ಲಕೋಟಾ ಮೂಲನಿವಾಸಿಗಳನ್ನು ಕೊಂದಿತು, ಹೆಂಗಸರು ಮಕ್ಕಳೂ ಅದರಲ್ಲಿದ್ದರು. ಅದೇ ಹೊತ್ತಿನಲ್ಲಿ ಸೆರೆಯಾಗಿದ್ದ ಕೆಲವು ಲಕೋಟಾ ಮುಖಂಡರನ್ನು ಸರ್ಕಾರ 1891ರಲ್ಲಿ ಕೋಡಿಯ ತಂಡದೊಂದಿಗೆ ಯುರೋಪಿಗೆ ಕಳಿಸಿತು. ಕೆಲವೇ ತಿಂಗಳ ಹಿಂದೆ ತಮ್ಮವರನ್ನು ಕಳೆದುಕೊಂಡವರು ಟಿಕೆಟ್ ಕೊಂಡು ಬಂದವರ ಮುಂದೆ ಸೋಲುವ ಪಾತ್ರ ಆಡಿದರು. ಇದನ್ನು ಮೊದಲು ಓದಿದ ದಿನ ನನಗೆ ಪುಸ್ತಕ ಮುಂದುವರಿಸಲಾಗಲಿಲ್ಲ.

1890ರ ಗಣತಿಯ ನಂತರ ಇಲಾಖೆ, ಇನ್ನು ಫ್ರಾಂಟಿಯರ್ ಎಂಬ ಗೆರೆ ಎಳೆಯಲು ಬರುವುದಿಲ್ಲ, ಎಲ್ಲ ಕಡೆ ವಸತಿಯಾಗಿದೆ ಎಂದು ಬರೆಯಿತು. ಆ ಸಾಲನ್ನು ಹಿಡಿದು ಫ್ರೆಡರಿಕ್ ಜಾಕ್ಸನ್ ಟರ್ನರ್ ಎಂಬ 31 ವರ್ಷದ ಇತಿಹಾಸಕಾರ 1893ರ ಜುಲೈ 12ರಂದು ಶಿಕಾಗೊದಲ್ಲಿ ಪ್ರಬಂಧ ಓದಿದ. ಅಮೆರಿಕದ ಸ್ವಾವಲಂಬನೆ, ಸಮಾನತೆ, ಪ್ರಜಾಪ್ರಭುತ್ವ ಎಲ್ಲವೂ ಫ್ರಾಂಟಿಯರಿನ ಪುಕ್ಕಟೆ ನೆಲದಲ್ಲಿ ಹುಟ್ಟಿದವು, ಆ ಕಾಲ ಈಗ ಮುಗಿಯಿತು ಎಂದು ವಾದಿಸಿದ. ಅದೇ ವಿಶ್ವಮೇಳದ ಅಂಗವಾಗಿ ಎರಡು ತಿಂಗಳ ನಂತರ ಅದೇ ಊರಿನಲ್ಲಿ ನಡೆದ ಸರ್ವಧರ್ಮ ಸಮ್ಮೇಳನ ನಮಗೆಲ್ಲ ಗೊತ್ತು, ಮೈಸೂರಿನ ಅರಸರ ಆತಿಥ್ಯ ಪಡೆದು ಹೋಗಿದ್ದ ವಿವೇಕಾನಂದರು ಅಲ್ಲಿ ಮಾತಾಡಿದರು. ಮೇಳದ ಪಕ್ಕದ ಬಯಲಿನಲ್ಲಿ ಕೋಡಿಯ ಕುದುರೆಗಳು ದಿನವೂ ಧೂಳೆಬ್ಬಿಸುತ್ತಿದ್ದವು. ಟರ್ನರನ ಮಾತು ಪಾಠಪುಸ್ತಕಗಳಿಗೆ ಹೋಯಿತು, ಕೋಡಿಯ ಆಟ ಸಿನಿಮಾಕ್ಕೆ. ಪುಕ್ಕಟೆ ನೆಲ ಯಾರದಾಗಿತ್ತು ಎಂಬುದನ್ನು ಇಬ್ಬರೂ ಬಿಟ್ಟರು. ಹೀಗೆ ಉಳಿದ ಚಿತ್ರದಲ್ಲಿ ಕುದುರೆ ಮೇಲಿದ್ದವನು ಒಬ್ಬನೇ, ಮತ್ತು ಅವನು ಬಿಳಿಯ.

ಆ ಚಿತ್ರವನ್ನು ಕಂಟ್ರಿ ಸಂಗೀತ ತೊಟ್ಟುಕೊಂಡದ್ದು 1930ರ ದಶಕದಲ್ಲಿ. ‘ಹಿಲ್‌ಬಿಲ್ಲಿ’ ಎಂಬುದು ಬೈಗುಳದಂತಿತ್ತು, ಹಳ್ಳಿ ಗಮಾರ ಎಂದಂತೆ. ಹಾಡುಗಾರರಿಗೆ ಅದು ಬೇಡವಾಗಿತ್ತು. ಅಷ್ಟರಲ್ಲಿ ಜೀನ್ ಆಟ್ರಿಯಂಥವರು ಸಿನಿಮಾದಲ್ಲಿ ಹಾಡುವ ಕೌಬಾಯ್ ಆಗಿ ಗೆದ್ದರು. ಟೋಪಿ ಹಾಕಿದರೆ ಮರ್ಯಾದೆ ಬರುತ್ತದೆ ಎಂದಾಯಿತು. ಹ್ಯಾಂಕ್ ವಿಲಿಯಮ್ಸ್ ಅಲಬಾಮದ ಮರ ಕಡಿಯುವ ಸೀಮೆಯವನು, ತಂಡಕ್ಕೆ ಇಟ್ಟ ಹೆಸರಿನಲ್ಲಿ ಕೌಬಾಯ್ ಎಂಬ ಪದವಿತ್ತು. ಅವನಂಥವರಿಗೆ ಮಿಂಚುವ ಕಸೂತಿಯ ಕೋಟು ಹೊಲಿದುಕೊಟ್ಟ ದರ್ಜಿ ನೂಡಿ ಕೋನ್ ಉಕ್ರೇನಿನ ಕೀವ್‌ನಲ್ಲಿ ಹುಟ್ಟಿ, ಹನ್ನೊಂದನೆಯ ವಯಸ್ಸಿನಲ್ಲಿ ವಲಸೆ ಬಂದ ಯಹೂದಿ. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಈ ಬಗೆಯ ಜನಪ್ರಿಯ ಹಾಡುಗಳ ತನ್ನ ಪಟ್ಟಿಗೆ ‘ಕಂಟ್ರಿ ಅಂಡ್ ವೆಸ್ಟರ್ನ್’ ಎಂದು ಹೆಸರಿಟ್ಟಿತು. ಅದೇ ವರ್ಷ ‘ರೇಸ್’ ಪಟ್ಟಿಗೆ ‘ರಿದಮ್ ಅಂಡ್ ಬ್ಲೂಸ್’ ಎಂಬ ಹೊಸ ಹೆಸರು ಬಂತು. ಹೆಸರು ಬದಲಾಯಿತು, ಎರಡು ಪಟ್ಟಿ ಎರಡಾಗಿಯೇ ಉಳಿದವು.

ಈ ಹಿನ್ನೆಲೆಯಲ್ಲಿ ಇತ್ತೀಚಿನ ಸುದ್ದಿಗಳನ್ನು ನೋಡಿದರೆ ಅವು ಬಿಡಿ ಬಿಡಿ ಜಗಳಗಳಾಗಿ ಕಾಣುವುದಿಲ್ಲ. 2019ರ ಮಾರ್ಚಿನಲ್ಲಿ ಲಿಲ್ ನ್ಯಾಸ್ ಎಕ್ಸ್ ಎಂಬ ಕಪ್ಪು ಹುಡುಗನ ಕುದುರೆ ಸವಾರಿಯ ಹಾಡನ್ನು ಬಿಲ್‌ಬೋರ್ಡ್ ತನ್ನ ಕಂಟ್ರಿ ಪಟ್ಟಿಯಿಂದ ತೆಗೆಯಿತು, ಇದರಲ್ಲಿ ಇವತ್ತಿನ ಕಂಟ್ರಿಯ ಅಂಶ ಸಾಲದು ಎಂದಿತು. ಆ ಹಾಡು ಎಲ್ಲ ಪ್ರಕಾರಗಳೂ ಸೇರಿದ ಮುಖ್ಯ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ನಿಂತಿತು. 2023ರಲ್ಲಿ ಟ್ರೇಸಿ ಚಾಪ್‌ಮನ್ 1988ರಲ್ಲಿ ಹಾಡಿದ್ದ ಹಾಡನ್ನು ಲ್ಯೂಕ್ ಕೂಂಬ್ಸ್ ಎಂಬ ಬಿಳಿಯ ಗಾಯಕ ಮತ್ತೆ ಹಾಡಿದಾಗ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಹಾಡು ಪ್ರಶಸ್ತಿ ಅದಕ್ಕೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಗೀತರಚನೆಕಾರ್ತಿ ಚಾಪ್‌ಮನ್. ಹಾಡು ಅದೇ, ಪದಗಳೂ ಅವೇ. ಹಾಡಿದ ಕಂಠ ಬದಲಾದ ಮೇಲೆ ಅದು ಕಂಟ್ರಿಯಾಯಿತು. ಕೂಂಬ್ಸ್ ಅದನ್ನು ಪ್ರೀತಿಯಿಂದ, ಗೌರವದಿಂದ ಹಾಡಿದ್ದಾನೆ, 2024ರ ಗ್ರ್ಯಾಮಿಯಲ್ಲಿ ಇಬ್ಬರೂ ಜೊತೆಯಾಗಿ ಹಾಡಿದ್ದನ್ನು ನೋಡಿ ನನ್ನ ಕಣ್ಣು ಒದ್ದೆಯಾಗಿತ್ತು. ತಪ್ಪು ಅವನದ್ದಲ್ಲ, ಪಟ್ಟಿಯದ್ದು.

2024ರ ಫೆಬ್ರವರಿಯಲ್ಲಿ ಬಿಯಾನ್ಸೆಯ ಹಾಡು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು, ಕಪ್ಪು ಹೆಂಗಸಿಗೆ ಅದು ಮೊದಲ ಸಲ. ಮಾರ್ಚಿನಲ್ಲಿ ಬಂದ ಆಲ್ಬಮ್ಮಿನಲ್ಲಿ ಲಿಂಡಾ ಮಾರ್ಟೆಲ್ ದನಿಯೂ ಇದೆ. ಆಕೆ 1969ರಲ್ಲಿ ಓಪ್ರಿಯಲ್ಲಿ ಒಬ್ಬಳೇ ನಿಂತು ಹಾಡಿದ ಮೊದಲ ಕಪ್ಪು ಗಾಯಕಿ. 2024ರ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಪ್ರಶಸ್ತಿಗಳಿಗೆ ಬಿಯಾನ್ಸೆಯ ಆ ಆಲ್ಬಮ್ ಒಂದು ವಿಭಾಗದಲ್ಲೂ ನಾಮನಿರ್ದೇಶನಗೊಳ್ಳಲಿಲ್ಲ. ಗ್ರ್ಯಾಮಿ ಕೊಟ್ಟಿತು, ಕೊಟ್ಟ ನಾಲ್ಕು ತಿಂಗಳಿಗೆ ಕಂಟ್ರಿ ಆಲ್ಬಮ್ ವಿಭಾಗವನ್ನು ‘ಸಾಂಪ್ರದಾಯಿಕ’ ಮತ್ತು ‘ಸಮಕಾಲೀನ’ ಎಂದು ಎರಡು ಮಾಡುವುದಾಗಿ ಪ್ರಕಟಿಸಿತು. ಬೇರೆ ಸಂಗೀತಗಳಲ್ಲೂ ಇಂಥ ವಿಂಗಡಣೆ ಇದೆ, ಅದಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೂ ಸಾಂಪ್ರದಾಯಿಕ ಎಂಬ ಪದ ಕೇಳಿದಾಗ ನನಗೆ 14000 ಮತ್ತು 15000ದ ಸರಣಿಗಳು ನೆನಪಾಗುತ್ತವೆ. ಸಂಪ್ರದಾಯ ಯಾರದು ಎಂದು ಬರೆದವರು ಯಾರು? 2025ರ ನವೆಂಬರಿನಲ್ಲಂತೂ ಕೃತಕ ಬುದ್ಧಿಮತ್ತೆಯಿಂದ ತಯಾರಾದ ದನಿಯೊಂದರ ಹಾಡು ಕಂಟ್ರಿಯ ಡಿಜಿಟಲ್ ಮಾರಾಟದ ಪಟ್ಟಿಯ ತುದಿಗೇರಿತು. ಗಂಟಲೇ ಇಲ್ಲದ ದನಿಗೆ ತೆರೆದ ಬಾಗಿಲನ್ನು ಡಿಫೋರ್ಡ್ ಬೇಲಿಯಂಥವರು ಒಂದು ಆಯುಷ್ಯವೆಲ್ಲ ತಟ್ಟಿದ್ದರು ಎಂದು ನೆನೆದಾಗ ಹೊಟ್ಟೆ ಉರಿಯುತ್ತದೆ.

ಮೊದಲ ಸ್ಥಾನಕ್ಕೆ ಬಂದ ಬಿಯಾನ್ಸೆಯ ಆ ಹಾಡು ಬ್ಯಾಂಜೊದಿಂದ ಶುರುವಾಗುತ್ತದೆ. ನುಡಿಸಿದವರು ರಿಯಾನನ್ ಗಿಡೆನ್ಸ್ ಎಂಬ ಕಪ್ಪು ಕಲಾವಿದೆ. ಅವರ ಕತೆಯಲ್ಲಿ ಒಂದು ಸಭೆ ಬರುತ್ತದೆ. 2005ರಲ್ಲಿ ಉತ್ತರ ಕ್ಯಾರೊಲಿನಾದ ಬೂನ್ ಎಂಬ ಊರಿನಲ್ಲಿ ಕಪ್ಪು ಬ್ಯಾಂಜೊಗಾರರು ಸೇರಿದರು. ಬೆಟ್ಟ ದಾಟಿ ಪಶ್ಚಿಮಕ್ಕೆ ದಾರಿ ಕಡಿದ, ಫ್ರಾಂಟಿಯರ್ ಕತೆಗಳ ಮೊದಲ ನಾಯಕ ಡೇನಿಯಲ್ ಬೂನ್ ಹೆಸರಿನ ಊರು ಅದು. ಅಲ್ಲಿ ಜೊತೆಯಾದ ಗಿಡೆನ್ಸ್ ಮತ್ತು ಗೆಳೆಯರು ಮೆಬೇನ್ ಎಂಬ ಊರಿನ ಜೋ ಥಾಂಪ್ಸನ್ ಬಳಿ ಕಲಿಯತೊಡಗಿದರು. 1918ರಲ್ಲಿ ಹುಟ್ಟಿದ ಥಾಂಪ್ಸನ್ ಕಪ್ಪು ಪಿಟೀಲುಗಾರರ ಮನೆತನದವರು, ಜೀವನವಿಡೀ ದುಡಿಮೆ ಮಾಡಿ, ಅಪ್ಪನಿಂದ ಕಲಿತ ರಾಗಗಳನ್ನು ಉಳಿಸಿಕೊಂಡಿದ್ದರು. ಪಾಠ ನಮ್ಮ ಹಳೆಯ ಗುರುಗಳ ಮನೆಯಲ್ಲಿ ನಡೆಯುತ್ತಿದ್ದಂತೆಯೇ. ಬರೆದುಕೊಳ್ಳುವುದಿಲ್ಲ, ಎದುರು ಕೂತು ಅವರು ನುಡಿಸಿದ್ದನ್ನು ನುಡಿಸುವುದು, ತಪ್ಪಿದರೆ ಮತ್ತೆ ನುಡಿಸುವುದು. ಥಾಂಪ್ಸನ್ 2012ರಲ್ಲಿ ತೀರಿಕೊಂಡರು. ಕ್ಯಾಟಲಾಗುಗಳಿಗೆ ಬೇಡವಾದ ಆ ರಾಗಗಳು ಅಷ್ಟರಲ್ಲಿ ಶಿಷ್ಯರ ಕೈಗೆ ಬಂದಿದ್ದವು.

ರೋಡಿಯೊ ಮುಗಿಸಿ ಬರುವಾಗ ಮಗಳು ಇನ್ನೊಂದು ಸಂಗತಿ ಹೇಳಿದಳು. ಪ್ರತಿ ವರ್ಷ ರೋಡಿಯೊ ಶುರುವಾಗುವ ಮುನ್ನ ಟೆಕ್ಸಸ್ಸಿನ ಬೇರೆ ಬೇರೆ ದಿಕ್ಕಿನಿಂದ ಕುದುರೆ, ಬಂಡಿಗಳ ಸಾಲುಗಳು ದಿನಗಟ್ಟಲೆ ನಡೆದು ಹ್ಯೂಸ್ಟನ್ ಸೇರುತ್ತವೆ. ಅದರಲ್ಲಿ ಪ್ರೇರಿ ವ್ಯೂ ಎಂಬ ಊರಿನ ಕಪ್ಪು ಸವಾರರ ತಂಡವೂ ಒಂದು, 1957ರಿಂದ ಬರುತ್ತಿದೆ. ಅವಳ ಕಚೇರಿಯ ಕಿಟಕಿಯ ಕೆಳಗೇ ಅವರು ಹಾದುಹೋಗಿದ್ದರಂತೆ, ಅಜ್ಜಂದಿರ ಪಕ್ಕ ಮೊಮ್ಮಕ್ಕಳು, ಎಲ್ಲರ ತಲೆ ಮೇಲೂ ಟೋಪಿ. “ಮುಂದಿನ ಸಲ ಫೆಬ್ರವರಿಯೊಳಗೇ ಬಾ ಅಪ್ಪಾ, ದಾರಿ ಬದಿ ನಿಂತು ನೋಡೋಣು” ಅಂದಳು. ಹೂಂ ಅಂದೆ. ಕಾರಿನಲ್ಲಿ ಬ್ಯಾಂಜೊ ಕೇಳುತ್ತಿತ್ತು, ಹೆಬ್ಬೆರಳಿನ ಆ ಗಿಡ್ಡ ತಂತಿ ತನ್ನ ಒಂದೇ ಸ್ವರವನ್ನು ಬಿಡದೆ ಹೇಳುತ್ತಿತ್ತು.